ಮಾತು ದಾಟಿಸಿದ ಮರದ ಮೀನು

ನಾನು ಒಂದು ಮೀನು. ಆದರೆ ನೀರಿನಲ್ಲಿ ಹುಟ್ಟಿದವನಲ್ಲ. ಹೊನ್ನೆಕುದ್ರು ಎಂಬ ಹೊಳೆನಡುವಿನ ಊರಲ್ಲಿ, ಶೀನಣ್ಣ ಎಂಬ ಮೊಗವೀರನ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ, ಹಾಲುವಾಣದ ಮರದ ತುಂಡೊಂದರಿಂದ ಹೊರಬಂದವನು. ಅದೇ ಮರದ ನನ್ನ ಅಣ್ಣತಮ್ಮಂದಿರೆಲ್ಲ ಬಲೆಗೆ ಕಟ್ಟುವ ಬೆಂಡುಗಳಾಗಿದ್ದರು. ಹಗುರ ಮರ, ಎಷ್ಟು ಹೊತ್ತು ನೀರಲ್ಲಿಟ್ಟರೂ ತೇಲುತ್ತದೆ. ಆಮೇಲೆ ಪೇಟೆಯಿಂದ ಪ್ಲಾಸ್ಟಿಕ್ ಬೆಂಡು ಬಂತು, ಅವರೆಲ್ಲ ಸಾಲಾಗಿ ಬಚ್ಚಲ ಒಲೆಗೆ ಹೋದರು. ನನ್ನ ಸರದಿಯೂ ಬಂದಿತ್ತು. ಅಷ್ಟರಲ್ಲಿ ಶೀನಣ್ಣನಿಗೆ ಎಲ್ಲಿಂದಲೋ ಲಹರಿ ಬಂತು, ಕತ್ತಿ ತೆಗೆದುಕೊಂಡು ಕೂತ.

ಅವನು ನನ್ನನ್ನು ಕೆತ್ತಲು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಬಾಗಿಲು ಮಾಡಬಹುದಿತ್ತು ಎಂದು ಅವನ ಮಗ ದಿನಕರ ಗೇಲಿ ಮಾಡುತ್ತಿದ್ದ. ಮಾಡಲಿ. ಆದರೆ ಎಂಥ ಮೀನು ಅಂತೀರಿ! ಬೆನ್ನಿಗೆ ದೋಣಿಗೆ ಬಳಿದು ಉಳಿದಿದ್ದ ಹಸಿರು, ಹೊಟ್ಟೆಗೆ ಸುಣ್ಣದಷ್ಟು ಬಿಳಿ, ನೀರು ತಗುಲಿದರೆ ಬಾಲ ಅತ್ತಿತ್ತ ಬಳುಕಬೇಕು, ಹಾಗೆ ಸೊಂಟಕ್ಕೊಂದು ಕೊಯ್ತ. ಹೊಟ್ಟೆಯ ಕೆಳಗೆ ಎರಡು ಗಾಳ. ಕೊನೆಗೆ ಕೆಂಪು ಬಣ್ಣದಲ್ಲಿ ಒಂದು ಬಾಯಿ ಬರೆದ. ಬರೆದದ್ದು ಅಷ್ಟೇ, ಅದು ತೆರೆಯುವುದಿಲ್ಲ. ನನ್ನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಕಣ್ಣು ಮಾತ್ರ ಆಗಿರಲಿಲ್ಲ. ಆ ದಿನಗಳಲ್ಲಿ ದಿನಕರನಿಗೆ ಮದುವೆಯಾಗಿ ಜಲಜ ಎಂಬ ಹುಡುಗಿ ಮನೆಗೆ ಬಂದಿದ್ದಳು. ಬಾವಿಯಲ್ಲಿ ನೀರು ಸೇದುವಾಗ ಕೊಡದ ಬಾಯಿಗೆ ಸಿಕ್ಕಿ ಅವಳ ಕರಿಮಣಿ ಸರ ಹರಿಯಿತು. ಮಣಿಗಳನ್ನೆಲ್ಲ ಆಯ್ದು ಮತ್ತೆ ಪೋಣಿಸಿದರು. ಎರಡು ಮಣಿ ಸಿಕ್ಕಿರಲಿಲ್ಲ. ಅಂಗಳ ಗುಡಿಸುವಾಗ ಅವು ಸಿಕ್ಕವು. ಸರವೋ ಆಗಲೇ ಕಟ್ಟಿಯಾಗಿತ್ತು, ಬಿಚ್ಚುವಂತಿಲ್ಲ. ಅವಳು ಆ ಎರಡು ಮಣಿಯನ್ನು ಗಂಡನ ಅಂಗೈಗೆ ಹಾಕಿದಳು.

"ಆ ಮೀನಿಗೆ ಕಣ್ಣಿಲ್ಲೆ ಅಂಬ್ರಲೆ. ಅಪ್ಪಯ್ಯಂಗೆ ಕೊಡಿನಿ" ಎಂದಳು.

ಅಪ್ಪಯ್ಯ ಅಲ್ಲೇ ಮೆಟ್ಟಿಲ ಮೇಲೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎರಡು ಹೆಜ್ಜೆ ಇಟ್ಟರೆ ಅವಳೇ ಕೊಡಬಹುದಿತ್ತು. ಆದರೆ ಆ ಮನೆಯಲ್ಲಿ ಒಂದು ಹಳೆಯ ಮರ್ಯಾದೆ ಇತ್ತು. ಸೊಸೆ ಮಾವನೊಡನೆ ನೇರ ಮಾತಾಡುವಂತಿಲ್ಲ, ಮಾವ ಸೊಸೆಯ ಹೆಸರು ಹಿಡಿದು ಕರೆಯುವಂತಿಲ್ಲ. ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. ಶೀನಣ್ಣನ ತಾಯಿಯಂತೂ ತನ್ನ ಮಾವನೊಡನೆ ಆಯುಷ್ಯವಿಡೀ ಬೆಕ್ಕಿನ ಮೂಲಕವೇ ಮಾತಾಡಿದ್ದಳಂತೆ. ಊರಿನ ಬೇರೆ ಮನೆಗಳಲ್ಲಿ ಅದೆಲ್ಲ ಯಾವತ್ತೋ ಬಿಟ್ಟುಹೋಗಿತ್ತು. ಶೀನಣ್ಣನ ಮನೆಯಲ್ಲಿ ಯಾರೂ ಹಿಡಿದುಕೊಂಡಿರಲಿಲ್ಲ, ಯಾರೂ ಬಿಟ್ಟಿರಲೂ ಇಲ್ಲ. ದಿನಕರ ಇದ್ದಷ್ಟು ಕಾಲ ಅದರಿಂದ ತೊಂದರೆಯೂ ಆಗಲಿಲ್ಲ. ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಮಾತು ದಾಟಿಸುತ್ತ, ನಡುವೆ ತನ್ನದೂ ಎರಡು ತಮಾಷೆ ಸೇರಿಸುತ್ತ ಅವನು ಆರಾಮವಾಗಿದ್ದ.

ಆ ಕರಿಮಣಿಗಳಿಂದಲೇ ನಾನು ಮೊದಲು ಲೋಕ ಕಂಡದ್ದು.

ಮಳೆಗಾಲ ಮುಗಿದು ಹೊಳೆ ತಿಳಿಯಾಗುವಾಗ ಹೊನ್ನೆಕುದ್ರಿನಲ್ಲಿ ಗಾಳದ ಲೀಗ್ ನಡೆಯುತ್ತದೆ. ನಾಲ್ಕು ಭಾನುವಾರ. ಒಂದು ದೋಣಿ, ಒಂದು ಕೋಲು, ಇಬ್ಬರು ಜನ. ಬಲೆ ಮುಟ್ಟುವಂತಿಲ್ಲ. ಹಿಡಿದ ಮೀನನ್ನು ದೋಣಿ ಕಟ್ಟುವ ದಕ್ಕೆಗೆ ತಂದು ತೂಗಿಸಬೇಕು, ನಾಲ್ಕೂ ವಾರದ ತೂಕ ಕೂಡಿಸಿ ಯಾರದು ಹೆಚ್ಚೋ ಅವರಿಗೆ ಹಿತ್ತಾಳೆಯ ಒಂದು ಪುಟ್ಟ ದೋಣಿ. ಒಂದು ವರ್ಷ ಅದು ಅವರ ಮನೆಯಲ್ಲಿರುತ್ತದೆ. ಎಲ್ಲಕ್ಕಿಂತ ದೊಡ್ಡ ನಿಯಮ ಮಾತ್ರ ಇದು: ಜೋಡಿ ಒಂದೇ ಮನೆಯದಾಗಿರಬೇಕು, ಒಂದೇ ಒಲೆಯ ಅನ್ನ ಉಣ್ಣುವವರಾಗಿರಬೇಕು. ಊರಿನ ಗಟ್ಟಿಗರಿಬ್ಬರು ಸೇರಿಕೊಂಡು ಪ್ರತಿವರ್ಷ ಬಹುಮಾನ ಹೊಡೆಯಬಾರದೆಂದು ಹಿಂದಿನವರು ಮಾಡಿದ್ದು. ಅದರಿಂದಾಗಿ ಗಂಡ ಹೆಂಡತಿ, ತಾಯಿ ಮಗ, ಅಜ್ಜ ಮೊಮ್ಮಗಳು, ಹೀಗೆ ಚಿತ್ರವಿಚಿತ್ರ ಜೋಡಿಗಳು ದೋಣಿ ಏರುತ್ತವೆ. ಮೀನಿಗಿಂತ ಜಗಳವೇ ಹೆಚ್ಚು ಬೀಳುತ್ತದೆ ಎಂದು ದಡದಲ್ಲಿ ನಿಂತವರು ನಗುತ್ತಾರೆ.

ನನ್ನ ಮೊದಲ ಲೀಗಿನಲ್ಲೇ ಶೀನಣ್ಣ ಮತ್ತು ದಿನಕರ ಗೆದ್ದರು. ಎಲ್ಲರೂ ಜೀವಂತ ಸಿಗಡಿ ಚುಚ್ಚಿ ಕೂತಿದ್ದಾಗ ದಿನಕರ ನನ್ನನ್ನು ಬೀಸಿ ಎಸೆದ. ಹೊಳೆಯಂಚಿನ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡದ ಬೇರುಗಳ ನಡುವೆ ಅವಿತಿರುವ ಕೆಂಬೇರಿ ಇದೆಯಲ್ಲ, ಆ ಕೆಂಪು ಮೀನಿಗೆ ಬಳುಕುವುದನ್ನು ಕಂಡರೆ ಆಗಿ ಬರುವುದಿಲ್ಲ. ಹಸಿವಿದ್ದರೂ ಇಲ್ಲದಿದ್ದರೂ ಮೇಲೆ ಬೀಳುತ್ತದೆ. ಹಿತ್ತಾಳೆ ದೋಣಿ ಮನೆಗೆ ಬಂದ ದಿನ ಜಲಜ ನನ್ನ ಮೈಯ ಉಪ್ಪನ್ನು ಸಿಹಿನೀರಿನಿಂದ ತೊಳೆದು, ಅಡಿಗೆಮನೆಗೂ ಜಗಲಿಗೂ ನಡುವಿನ ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕಿದಳು. ಅದೇ ನನ್ನ ಜಾಗವಾಯಿತು. ಒಂದು ಕಣ್ಣಿಗೆ ಅಡಿಗೆಮನೆ, ಇನ್ನೊಂದು ಕಣ್ಣಿಗೆ ಜಗಲಿ.

ಮುಂದಿನ ಮಳೆಗಾಲದಲ್ಲಿ ದಿನಕರನಿಗೆ ಇಲಿಜ್ವರ ಬಂತು. ಬರಿಯ ಜ್ವರ ಎಂದುಕೊಂಡು ಅವನು ದೋಣಿಯ ನೀರು ಮೊಗೆಯಲು ಹೋದ. ಆಸ್ಪತ್ರೆಗೆ ಕರೆದೊಯ್ಯುವಾಗ ಕಣ್ಣು ಅರಿಸಿನವಾಗಿತ್ತು. ಮನೆಗೆ ತಿರುಗಿ ಬಂದವರು ಇಬ್ಬರೇ.

ಆ ಮೇಲಿನ ಮೌನವನ್ನು ನಾನು ಮೊಳೆಯಿಂದ ತೂಗುತ್ತ ನೋಡಿದೆ. ನೆಂಟರು ಬಂದು ಹೋದರು, ಜಲಜನ ಅಣ್ಣ ಬಂದು ಕರೆದ, ಅವಳು ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಮನೆಯಲ್ಲಿ ಉಳಿದದ್ದು ಜಗಲಿಯಲ್ಲೊಬ್ಬ, ಅಡಿಗೆಮನೆಯಲ್ಲೊಬ್ಬಳು. ನಡುವೆ ಮಾತು ದಾಟಿಸುವವನು ಇಲ್ಲ. ಊಟ ಆಯಿತೆಂದು ತಿಳಿಸಲು ಅವಳು ಪಾತ್ರೆಯ ಮುಚ್ಚಳವನ್ನು ಸದ್ದು ಮಾಡಿ ಇಡುತ್ತಿದ್ದಳು. ಸಾಕು ಎಂದು ಹೇಳಲು ಅವನು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಒಂದೇ ದುಃಖವನ್ನು ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ತಿನ್ನುತ್ತಿದ್ದರು. ನೋಡಿ ನೋಡಿ ನನಗೆ ಸಾಕಾಯಿತು.

ಒಂದು ಮಧ್ಯಾಹ್ನ ಶೀನಣ್ಣ ಜಗಲಿಯ ಕಂಬಕ್ಕೆ ಒರಗಿ ಹೊಳೆ ನೋಡುತ್ತ ಕೂತುಬಿಟ್ಟಿದ್ದ. ಮುಚ್ಚಳ ಸದ್ದಾಯಿತು, ಮತ್ತೆ ಸದ್ದಾಯಿತು, ಅವನು ಏಳಲಿಲ್ಲ. ಜಲಜ ಬಾಗಿಲಿಗೆ ಬಂದಳು. ಅತ್ತಿತ್ತ ನೋಡಿದಳು. ಕೊನೆಗೆ ತಲೆಯೆತ್ತಿ ನನ್ನನ್ನು ನೋಡಿದಳು.

"ಮೀನೇ, ಅನ್ನ ತಣಿತಾ ಇತ್ತ್ ಅಂದ್ ಹೇಳ್" ಎಂದಳು.

ಶೀನಣ್ಣ ತಿರುಗಿದ. ಅವನೂ ನನ್ನನ್ನೇ ನೋಡಿದ.

"ಬಂದೆ ಅಂದ್ ಹೇಳ್, ಮೀನೇ. ಅವ್ಳೂ ಉಣ್ಲಿ, ನಿನ್ನೆಯಿಂದ ಉಂಡದ್ದ್ ಕಾಣೆ."

ಆವತ್ತು ನನಗಾದ ಹೆಮ್ಮೆಯನ್ನು ಏನೆಂದು ಹೇಳಲಿ! ಗಾಳಿಗೆ ಒಂದು ಸುತ್ತು ತಿರುಗಿಯೇ ಬಿಟ್ಟೆ. ಅಂದಿನಿಂದ ಆ ಮನೆಯ ಎಲ್ಲ ಮಾತೂ ನನ್ನ ಮೂಲಕವೇ. ಮೀನೇ, ಉಪ್ಪು ಮುಗಿದಿತ್ತು ಅಂತ ಹೇಳು. ಮೀನೇ, ನಾಳೆ ಪೇಟೆಗೆ ಹೋಗುವುದುಂಟು ಅಂತ ಹೇಳು. ಮೀನೇ, ಆ ಹರಕು ಅಂಗಿ ಹಾಕಿಕೊಂಡು ದಕ್ಕೆಗೆ ಹೋಗುವುದು ಬೇಡ ಅಂತ ಹೇಳು. ನಾನು ಏನನ್ನೂ ಹೇಳಬೇಕಾಗಿರಲಿಲ್ಲ, ಇಬ್ಬರಿಗೂ ಕಿವಿ ಇತ್ತು. ಆದರೆ ಮೊದಲು ನನ್ನ ಮುಖ ನೋಡುತ್ತಿದ್ದರಲ್ಲ, ನನಗೆ ಅಷ್ಟು ಸಾಕಿತ್ತು. ಈ ಮನೆಯ ಮೂರನೆಯವನು ನಾನು ಎಂದೇ ನಂಬಿದ್ದೆ. ಆ ಮಾತುಗಳಲ್ಲಿ ಒಂದೂ ನನ್ನದಲ್ಲ ಎಂದು ಹೊಳೆಯಲು ಬಹಳ ಕಾಲ ಬೇಕಾಯಿತು.

ಮಳೆ ಬಿಟ್ಟಿತು. ಜಲಜ ಹಿತ್ತಾಳೆ ದೋಣಿಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಒರೆಸಿ, ಲೀಗಿನ ಕಾರ್ಯದರ್ಶಿ ಸದಾನಂದ ಖಾರ್ವಿ ಬಂದಾಗ ಅವನ ಮುಂದಿಟ್ಟಳು. ಅವನು ಅಂಗಳದಲ್ಲೇ ನಿಂತು ಕಾಲು ಬದಲಿಸುತ್ತಿದ್ದ.

"ಶೀನಣ್ಣ, ಬೇಜಾರ್ ಮಾಡ್ಕಣ್ಬ್ಯಾಡಿ. ಈ ಸಲ ನಿಮ್ ಜೋಡಿ ಹೆಸ್ರ್ ತೆಗುದ್ ಅಲ್ದಾ? ಕೇಂಡ್ಕಂಡ್ ಹೋಪ ಅಂದೇಳಿ ಬಂದೆ."

ಶೀನಣ್ಣ ಹೂಂ ಅನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಬಾಗಿಲ ಒಳಗಿನಿಂದ ಮಾತು ಬಂತು.

"ಮೀನೇ, ಹೆಸ್ರ್ ತೆಗುದ್ ಬ್ಯಾಡ ಅಂದ್ ಹೇಳ್. ದೋಣಿ ಒಳ್ಗೆ ನಾ ಕೂಕಂತೆ."

ಸದಾನಂದ ನನ್ನನ್ನು ನೋಡಿದ, ಶೀನಣ್ಣನನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. "ಇದೆಂತ ಮಾರಾಯ್ರೆ, ಮೀನಿನ್ ಹತ್ರ ಮಾತಾಡುದ್ ನೀವ್?" ಎಂದ. ಶೀನಣ್ಣ ಚೌಕಟ್ಟಿನ ಕಡೆ ನೋಡಿ, "ಕೋಲ್ ಹಿಡುಕ್ ಬತ್ತಾ ಅಂದ್ ಕೇಣ್" ಎಂದು ನನಗೆ ಹೇಳಿದ.

ಬರುತ್ತಿತ್ತು. ತವರಿನಲ್ಲಿ ಹೊಳೆಬದಿಯ ಬಂಡೆಯ ಮೇಲೆ ಕೂತು ಕೈಗಾಳ ಹಾಕಿ ಬೆಳೆದವಳು ಅವಳು. ಕೈಗಾಳವೆಂದರೆ ಕೋಲಿಲ್ಲ, ರೀಲಿಲ್ಲ, ಬರಿಯ ತಂಗೂಸಿ ಎಂಬ ನೈಲಾನ್ ದಾರ. ಮೀನು ಎಳೆದರೆ ದಾರವನ್ನು ಅಂಗೈಗೆ ಒಂದು ಸುತ್ತು ಸುತ್ತಿ ಹಿಡಿಯುವುದು ಅಲ್ಲಿಯ ಹೆಂಗಸರ ರೂಢಿ. ಸಣ್ಣ ಮೀನಿಗೆ ಅದು ಸರಿ. ಕೋಲು ಕೊಟ್ಟ ಮೇಲೂ ಅವಳ ಎಡಗೈ ತಾನಾಗಿಯೇ ದಾರದ ಕಡೆ ಹೋಗುತ್ತಿತ್ತು. "ಮೀನೇ, ದಾರ ಸುತ್ಕಣ್ಕಾಗ ಅಂದ್ ಹೇಳ್" ಎಂದು ಶೀನಣ್ಣ ಎಷ್ಟು ಸಲ ಹೇಳಿದನೋ. ಅವನ ಭುಜ ಮೊದಲಿನಂತಿರಲಿಲ್ಲ, ಆದ್ದರಿಂದ ಹುಟ್ಟು ಅವನದು, ಕೋಲು ಅವಳದು. ದಾರ ಕೊಯ್ಯುವ ಚೂರಿ ಯಾವಾಗಲೂ ಹುಟ್ಟು ಹಾಕುವವನ ಸೊಂಟದಲ್ಲಿರುತ್ತದೆ. ಕೋಲು ಹಿಡಿದವರಿಗೆ ಆಸೆ ಹೆಚ್ಚು, ಹೊತ್ತಿಗೆ ಸರಿಯಾಗಿ ಅವರ ಕೈ ಚೂರಿಗೆ ಹೋಗುವುದಿಲ್ಲ ಎಂದು ಹಾಗೆ.

ಮೊದಲ ಭಾನುವಾರ ಊರಿಡೀ ದಡದಲ್ಲಿ ನಿಂತು ನೋಡಿತು. ದೋಣಿಯ ಆ ತುದಿಯಲ್ಲಿ ಮಾವ, ಈ ತುದಿಯಲ್ಲಿ ಸೊಸೆ, ನಡುವೆ ಕೋಲಿನ ತುದಿಯಿಂದ ನೇತಾಡುತ್ತ ನಾನು. ಮೀನೇ ಎಡಕ್ಕೆ ಎಸೆಯಲು ಹೇಳು, ಮೀನೇ ದೋಣಿ ನಿಲ್ಲಿಸಲು ಹೇಳು. ನಕ್ಕವರು ನಕ್ಕರು. ಸಂಜೆ ತಕ್ಕಡಿಯ ಮುಂದೆ ಅದೇ ಜನರ ಬಾಯಿ ಕಟ್ಟಿತು. ಎರಡನೆಯ ವಾರವೂ ಹಾಗೇ ಆಯಿತು. ಮೂರನೆಯ ವಾರದ ಹೊತ್ತಿಗೆ ನಮ್ಮ ಸಮಕ್ಕೆ ಉಳಿದದ್ದು ಒಂದೇ ಜೋಡಿ: ಆಚೆ ದಡದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವ ಭುಜಂಗ ಮತ್ತು ಅವನ ತಾಯಿ ಮುತ್ತಕ್ಕ. ಮಗ ಬಾಯಿ ಬಿಡುವವನಲ್ಲ, ತಾಯಿ ಬಾಯಿ ಮುಚ್ಚುವವಳಲ್ಲ. ಅವರ ದೋಣಿ ಎಲ್ಲಿದೆ ಎಂದು ಕಣ್ಣು ಮುಚ್ಚಿಯೂ ಹೇಳಬಹುದಿತ್ತು.

ಆ ಮೂರನೆಯ ವಾರ ತೂಕ ಮುಗಿದ ಮೇಲೆ ಮುತ್ತಕ್ಕ ಶೀನಣ್ಣನನ್ನು ದಕ್ಕೆಯ ಬದಿಗೆ ಕರೆದಳು. ಕೋಲು ಅವನ ಹೆಗಲ ಮೇಲಿತ್ತು, ಹಾಗಾಗಿ ನಾನೂ ಇದ್ದೆ.

"ಶೀನಣ್ಣ, ಸುತ್ತಿ ಬಳ್ಸಿ ಹೇಳುಕ್ ನಂಗ್ ಬತ್ತಿಲ್ಲೆ. ನಿಮ್ ಜಲಜನ್ ನಮ್ ಭುಜಂಗಂಗೆ ಕೊಡ್ತ್ರ್ಯಾ? ಅವ್ನ್ ಎಂಜಿನ್ ಹತ್ರ ಬಿಟ್ರೆ ಬೇರೆಯವ್ರ ಹತ್ರ ಮಾತಾಡುದಿಲ್ಲೆ. ಆರೆ ಮೂರ್ ವಾರ್ದಿಂದ ಗಾಳ ಬಿಟ್ಟ್ ನಿಮ್ ದೋಣಿನೇ ಕಾಂತಾ ಇದ್ದ, ನಂಗ್ ಕಣ್ಣಿಲ್ಯಾ? ಹುಡ್ಗಿ ಕಿವಿಗೂ ಹಾಕಿದೆ. ಇಲ್ಲೆ ಅನ್ಲಿಲ್ಲ, ಹೂಂ ಅನ್ಲಿಲ್ಲ. ನಿಮ್ ಮೋರೆ ಕಂಡ್ಲ್."

ಮುಂದಿನ ಭಾನುವಾರ ಸಂಜೆ ಹೇಳುತ್ತೇನೆ ಎಂದು ಶೀನಣ್ಣ ಮನೆಗೆ ಬಂದ. ನನ್ನನ್ನು ಮೊಳೆಗೆ ತೂಗುಹಾಕಿದ. ಒಳಗೆ ಜಲಜ ಮಸಾಲೆ ಅರೆಯುತ್ತಿದ್ದಳು, ಕಲ್ಲು ಗಡಗಡ ತಿರುಗುತ್ತಿತ್ತು. ಆ ಸದ್ದಿನಲ್ಲಿ ಅವನು ಮೆಲ್ಲಗೆ, "ಮೀನೇ, ಹೋಗ್ ಅಂದ್ರೆ ಮನಿಯಿಂದ ಹೊರ್ಗ್ ಹಾಕ್ದ ಅಂದೇಳಿ ಆತ್ತ್. ಇರ್ ಅಂದ್ರೆ ನನ್ ಸ್ವಾರ್ಥ ಆತ್ತ್. ಅವ್ಳ್ ಹೋಗಿ ಸುಖವಾಯಿ ಇರ್ಲಿ ಅಂದ್ ಹೇಳ್" ಎಂದ. ಕಲ್ಲು ನಿಂತಿತು. ಅವನೂ ಬಾಯಿ ಮುಚ್ಚಿದ. ಅವಳಿಗೆ ಕೇಳಿಸಲಿಲ್ಲ. ಕೇಳಿಸದಿರಲಿ ಎಂದೇ ಆ ಹೊತ್ತು ಆರಿಸಿಕೊಂಡನೋ ಏನೋ.

ಅವಳೇನು ಕಡಿಮೆಯೇ? ಮರುದಿನ ಅವನು ಹವಾಮಾನ ಕೇಳಲು ರೇಡಿಯೋವನ್ನು ಜೋರಾಗಿ ಹಾಕಿಕೊಂಡಿದ್ದಾಗಲೇ ಬಾಗಿಲಿಗೆ ಬಂದಳು. "ಮೀನೇ, ನಂಗ್ ಹೋಪುಕೆ ಮನ್ಸಿತ್ತ್ ಅಂದ್ ಹೇಳ್. ಆರೆ ನಾ ಹೋರೆ ಇಲ್ಲಿ ಒಲಿ ಹೊತ್ಸುದ್ ಯಾರ್ ಅಂದೂ ಕೇಣ್" ಎಂದಳು. ರೇಡಿಯೋ ಗಾಳಿಯ ವೇಗ ಹೇಳುತ್ತಿತ್ತು. ಶೀನಣ್ಣ ಅದನ್ನೇ ಕೇಳುತ್ತಿದ್ದ.

ಈಗ ನನ್ನ ಪಾಡು ನೋಡಿ. ಇಬ್ಬರ ಮನಸ್ಸೂ ನನಗೆ ಗೊತ್ತು. ಅವನಿಗೆ ಅವಳು ಹೋಗಬೇಕು, ಅವಳಿಗೂ ಹೋಗಬೇಕು. ಒಂದು ಮಾತು ಸಾಕು. ಆ ಮಾತು ನನ್ನ ಹೊಟ್ಟೆಯಲ್ಲೇ ಇದೆ, ಬಾಯಿ ಮಾತ್ರ ಬಣ್ಣದ್ದು. ಆ ವಾರವಿಡೀ ಅವರು ಉಪ್ಪು, ಹುಳಿ, ಸೀಮೆಎಣ್ಣೆ ಎಂದು ನನ್ನ ಮೂಲಕ ಮಾತಾಡುತ್ತಲೇ ಇದ್ದರು. ಮುತ್ತಕ್ಕನಿಗೆ ಭಾನುವಾರ ಸಂಜೆ ಉತ್ತರ ಹೇಳಬೇಕಿತ್ತು. ಇಬ್ಬರೂ ಸುಮ್ಮನಿದ್ದರೆ ಅದನ್ನೇ ಬೇಡ ಎಂದು ತಿಳಿದು ಆಕೆ ಬೇರೆ ಕಡೆ ನೋಡುವವಳು. ಮೊಳೆಯ ಮೇಲಿನ ನನ್ನಷ್ಟು ಒಂಟಿ ಊರಲ್ಲಿ ಯಾರೂ ಇರಲಿಲ್ಲ.

ಕೊನೆಯ ಭಾನುವಾರ ಬಂತು. ಒಂದು ಒಳ್ಳೆಯ ಕೆಂಬೇರಿ ಬಿದ್ದರೆ ಹಿತ್ತಾಳೆ ದೋಣಿ ನಮ್ಮದು. ಶೀನಣ್ಣ ದೋಣಿಯನ್ನು ಯಾರೂ ಬಾರದ ಕಾಂಡ್ಲದ ಸಂದಿಗೆ ತಂದು ನಿಲ್ಲಿಸಿದ. ಹೊಳೆ ಇಳಿತಕ್ಕೆ ತಿರುಗುವ ಹೊತ್ತು. "ಮೀನೇ, ಆ ದೊಡ್ಡ ಬುಡದ್ ಹತ್ರ ಎಸಿ ಅಂದ್ ಹೇಳ್" ಎಂದ. ಜಲಜ ಎಸೆದಳು. ನಾನು ನೀರಿಗೆ ಬಿದ್ದು ಬಾಲ ಬಳುಕಿಸಿದೆ. ಎರಡು ಸಲ ಬಳುಕಿಸಿರಬೇಕು, ಅಷ್ಟೇ. ಬೇರುಗಳ ಕತ್ತಲೆಯಿಂದ ಒಂದು ಬಾಯಿ ಬಂತು.

ಅಷ್ಟು ದೊಡ್ಡ ಕೆಂಬೇರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ, ಆವತ್ತೂ ಕಾಣಲಿಲ್ಲ, ಕಂಡದ್ದು ಅದರ ಗಂಟಲು ಮಾತ್ರ. ಅದು ತಿರುಗಿ ಬೇರಿನ ಬುಡಕ್ಕೆ ನುಗ್ಗಿತು. ಮೇಲೆ ರೀಲು ಕಿರ್ರೆಂದು ಕಿರುಚಿ ಸಿಕ್ಕಿಕೊಂಡಿತು. ದಾರ ಬಿಡದು, ಸುತ್ತದು. ಆಗ ಜಲಜನ ಎಡಗೈ ತನ್ನ ಹಳೆಯ ರೂಢಿಗೆ ಹೋಯಿತು. ದಾರವನ್ನು ಅಂಗೈಗೆ ಸುತ್ತಿಕೊಂಡು ಎಳೆದು ಹಿಡಿದಳು. ಕೆಂಬೇರಿ ಬೇರುಗಳ ಒಳಗೆ ಕಿವಿರು ಅಗಲಿಸಿ ಗಟ್ಟಿಯಾಗಿ ಕೂತಿತು. ಈ ತುದಿಯಲ್ಲಿ ಅದು, ಆ ತುದಿಯಲ್ಲಿ ಅವಳು, ನಡುವೆ ತಂತಿಯಂತೆ ಬಿಗಿದ ದಾರ. ಬಿಗಿದ ದಾರದಲ್ಲಿ ಮೇಲಿನ ಮಾತೆಲ್ಲ ನನಗೆ ಕೇಳುತ್ತದೆ.

"ಮಾವಯ್ಯಾ! ರೀಲ್ ಸಿಕ್ಕಂಡ್ತ್!"

"ದಾರ ಕೈಗ್ ಸುತ್ಕಂಡ್ಯಾ? ಬಿಡ್ಸ್! ಜಲಜಾ, ಬಿಡ್ಸ್ ಅದನ್ನ!"

ನಾನು ಕಾದೆ. ಯಾರೂ ಮೀನೇ ಎನ್ನಲಿಲ್ಲ.

ಇಳಿತದ ನೀರು ದೋಣಿಯನ್ನು ಸಂದಿಯಿಂದ ಹೊರಗೆ ಎಳೆಯುತ್ತಿತ್ತು. ಶೀನಣ್ಣ ಒಂದು ಕೈಯಲ್ಲಿ ಕಾಂಡ್ಲದ ಕೊಂಬೆ ಹಿಡಿದು ದೋಣಿ ನಿಲ್ಲಿಸಿದ. ಆದರೂ ದಾರ ಇನ್ನಷ್ಟು ಬಿಗಿಯಿತು. ಅದರ ಮೇಲೆ ಬೆಚ್ಚಗಿನದೇನೋ ಇಳಿದು ಬಂತು. ನೀರಿಗಿಂತ ಮಂದ. ಅವಳ ರಕ್ತ.

"ಕೈ ಕೊಯ್ತಾ ಇತ್ತಲೆ! ನಾ ದಾರ ತುಂಡ್ ಮಾಡ್ತೆ."

"ಬ್ಯಾಡ! ಅವ್ರ್ ಎಸ್ದ ಮೀನ್ ಅದ್. ಅದ್ ಹೋರೆ... ಅದ್ ಹೋರೆ ನಿಮ್ ಹತ್ರ ನಾ ಹ್ಯಾಂಗ್ ಮಾತಾಡುದ್ ಮಾವಯ್ಯ?"

"ಈಗ ಮಾತಾಡ್ತಾ ಇದ್ಯಲ್ಲ, ಮಗಾ" ಎಂದ ಶೀನಣ್ಣ.

ಅವಳು ಅಳತೊಡಗಿದಳು. ಅದು ನನಗೆ ದಾರದ ನಡುಕದಲ್ಲಿ ತಿಳಿಯಿತು. ದಿನಕರ ಸತ್ತಾಗಲೂ ಅವಳು ಮಾವನ ಎದುರು ಅತ್ತಿರಲಿಲ್ಲ.

"ಮುತ್ತಕ್ಕ ಕೇಂಡದ್ದಕ್ಕೆ ನಿಂಗ್ ಮನ್ಸಿತ್ತಾ?"

"ಇತ್ತ್. ಆರೆ ನಿಮ್ಮನ್ ಬಿಟ್ಟ್ ಹ್ಯಾಂಗ್ ಹೋಪುದ್?"

"ನನ್ ಒಲಿ ನಾನೇ ಹೊತ್ಸ್ಕಂತೆ, ಅನ್ನ ಸೀದ್ರೆ ಸೀದದ್ದೇ ಉಂತೆ. ಸೊಸಿಯಾಯಿ ಬಂದವ್ಳ್ ನೀನ್, ಮಗಳಾಯಿ ಕಳ್ಸಿಕೊಡ್ತೆ. ನನ್ ಕೈಯ್ಯಾರೆ ಧಾರಿ ಎರಿತೆ. ಈಗ ಕೈ ಕೊಡ್ ಇಲ್ಲಿ."

ಕೊಂಬೆ ಬಿಟ್ಟ ಸದ್ದು ಕೇಳಿತು. ಆಮೇಲೆ ಚೂರಿ ದಾರಕ್ಕೆ ತಗುಲಿದ್ದು ಗೊತ್ತಾಯಿತು. ಅಲ್ಲಿಗೆ ನನಗೆ ಎಲ್ಲ ಸದ್ದೂ ನಿಂತುಹೋಯಿತು.

ಹಿತ್ತಾಳೆ ದೋಣಿ ಮುತ್ತಕ್ಕನ ಮನೆಗೆ ಹೋಗಿರಬೇಕು. ನನಗೆ ಅದರ ಚಿಂತೆ ಇರಲಿಲ್ಲ. ಕೆಂಬೇರಿ ನನ್ನನ್ನು ಬೇರಿಗೆ ಉಜ್ಜಿ ಉಜ್ಜಿ ಬಾಯಿಂದ ಬಿಡಿಸಿಕೊಂಡು ಹೋಯಿತು. ನನ್ನ ಒಂದು ಗಾಳ ಕಾಂಡ್ಲದ ಬೇರಿಗೆ ಕಚ್ಚಿಕೊಂಡಿತು. ಭರತ ಬಂದು ನೀರು ಏರಿದಾಗ ಅದರ ಒಳಗೆ ತಲೆ ಮೇಲಾಗಿ ತೇಲುತ್ತೇನೆ, ಇಳಿತದಲ್ಲಿ ಗಾಳಿಯಲ್ಲಿ ನೇತಾಡುತ್ತೇನೆ. ಒಂದು ರೀತಿಯಲ್ಲಿ ಮೊಳೆಯ ಮೇಲಿದ್ದ ಹಾಗೆಯೇ. ಬಾಗಿಲಿಲ್ಲ, ಆಚೆ ಈಚೆ ಮನುಷ್ಯರಿಲ್ಲ, ಅಷ್ಟೇ ವ್ಯತ್ಯಾಸ.

ಮರುದಿನ ಇಳಿತದ ಹೊತ್ತಿಗೆ ಅವರಿಬ್ಬರೂ ನನ್ನನ್ನು ಹುಡುಕಿಕೊಂಡು ಬಂದರು. ಜಲಜನ ಕೈಗೆ ಬಟ್ಟೆ ಸುತ್ತಿತ್ತು. ನಾನು ಬೆಳಕಿನಲ್ಲೇ ತೂಗುತ್ತಿದ್ದೆ, ಒಮ್ಮೆ ಈ ಕಡೆ ತಿರುಗಿದ್ದರೆ ಸಾಕಿತ್ತು. ಆದರೆ ಅವರು ಮಾತಾಡುತ್ತಿದ್ದರು. ಅಯ್ಯೋ, ಎಂಥ ಮಾತು! ಬಾವಿಕಟ್ಟೆ ಒಡೆದದ್ದು, ದಿನಕರ ಚಿಕ್ಕವನಿದ್ದಾಗ ಮರದಿಂದ ಬಿದ್ದದ್ದು, ಮೊದಲ ದಿನ ಅವಳು ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೂ ಮಾವ ಸುಮ್ಮನೆ ಉಂಡದ್ದು. "ಆಗ್ಲೇ ಹೇಳೂಕ್ ಆಯ್ಲಿಲ್ಯಾ ಮಾವಯ್ಯ?" "ಯಾರ್ ಹತ್ರ ಹೇಳುದಿತ್ತ್?" ಎಂದು ಇಬ್ಬರೂ ನಕ್ಕರು. ವರ್ಷಗಟ್ಟಲೆ ಕೂಡಿಟ್ಟದ್ದನ್ನೆಲ್ಲ ಹೊಳೆಗೆ ಸುರಿಯುತ್ತ ನನ್ನ ಮುಂದಿನಿಂದಲೇ ಹಾದುಹೋದರು. ನಾನು ಕಾಣಲಿಲ್ಲ. ಮಾತಿನಲ್ಲಿ ಮುಳುಗಿದವರಿಗೆ ಮರದ ಮೀನು ಎಲ್ಲಿ ಕಾಣುತ್ತದೆ?

ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ನನಗೆ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಅವರು ಯಾವತ್ತೂ ನನ್ನೊಡನೆ ಮಾತಾಡಿದ್ದೇ ಅಲ್ಲ ಎಂದು ಅರ್ಥವಾದದ್ದು ಆ ಹೊತ್ತಿನಲ್ಲಿ. ಮಾತು ನನ್ನ ಮೈ ಸವರಿಕೊಂಡು ಆಚೆ ಹೋಗುತ್ತಿತ್ತು. ಸವರಿದ್ದನ್ನೇ ನಾನು ಪ್ರೀತಿ ಎಂದುಕೊಂಡಿದ್ದೆ.

ಮದುವೆಯ ಸುದ್ದಿ ಹಾದುಹೋಗುವ ದೋಣಿಗಳಿಂದ ತಿಳಿಯಿತು. ಶೀನಣ್ಣನೇ ತಂದೆಯಾಗಿ ಕೂತು ಧಾರೆ ಎರೆದನಂತೆ. ಮುಂದಿನ ವರ್ಷದ ಲೀಗಿಗೆ ಮುತ್ತಕ್ಕ ಮಂಡಿನೋವು ಎಂದು ನೆಪ ಹೇಳಿ ತನ್ನ ಜಾಗವನ್ನು ಸೊಸೆಗೆ ಬಿಟ್ಟಳು. ಮಾವ ಸೊಸೆಯ ಹಳೆಯ ಜೋಡಿಯನ್ನು ಹಾಗೇ ಇರಲು ಬಿಡೋಣ, ಯಾರೂ ಆಕ್ಷೇಪ ಮಾಡುವುದಿಲ್ಲ ಎಂದು ಸದಾನಂದನೇ ಮನೆಗೆ ಹೋಗಿ ಹೇಳಿದನಂತೆ. ಶೀನಣ್ಣ ಒಪ್ಪಲಿಲ್ಲ. ಒಲೆ ಬೇರೆಯಾಯಿತಲ್ಲ, ನಿಯಮ ನಿಯಮವೇ ಎಂದನಂತೆ. ಹಾಗೆ ಅವನ ಹೆಸರನ್ನು ಲೀಗಿನಿಂದ ತೆಗೆದರು. ಅಂದು ಒಬ್ಬಳು ಬಾಗಿಲಲ್ಲಿ ನಿಂತು ಬೇಡ ಎಂದಿದ್ದಳು. ಈ ಸಲ ಹಾಗೆ ಹೇಳಲು ಬಾಗಿಲಲ್ಲಿ ಯಾರೂ ಇರಲಿಲ್ಲ.

ನನಗೂ ವಯಸ್ಸಾಗಿದೆ. ಹಸಿರು ಹೋಯಿತು, ಬಿಳಿ ಹೋಯಿತು. ಗಾಳಗಳು ತುಕ್ಕು ಹಿಡಿದಿವೆ, ಬೇರಿಗೆ ಕಚ್ಚಿದ್ದು ಯಾವತ್ತು ಮುರಿಯುತ್ತದೋ ಗೊತ್ತಿಲ್ಲ. ಹೊಟ್ಟೆಯ ಮೇಲೆ ಚಿಪ್ಪುಹುಳಗಳು ಸಂಸಾರ ಹೂಡಿವೆ. ಒಂದು ಕಣ್ಣು ಬಿದ್ದುಹೋಗಿದೆ. ಬರೆದ ಬಾಯಿ ಪೂರ್ತಿ ಅಳಿಸಿಹೋದದ್ದು ಒಳ್ಳೆಯದೇ ಆಯಿತು. ಈಗ ನನ್ನಿಂದ ಯಾರೂ ಏನನ್ನೂ ಹೇಳಿಸಲು ಬರುವುದಿಲ್ಲ ಎಂದುಕೊಂಡಿದ್ದೆ.

ಮೊನ್ನೆ ಈ ವರ್ಷದ ಲೀಗಿನ ಕೊನೆಯ ಭಾನುವಾರ ಕಳೆದ ಮಾರನೆಯ ದಿನ. ಭರತದ ನೀರು ನನ್ನ ಕುತ್ತಿಗೆಯವರೆಗೆ ಬಂದಿತ್ತು. ಒಂದು ದೋಣಿ ಸಂದಿಯೊಳಗೆ ಬಂತು. ಹುಟ್ಟಿನ ಲಯ ಕೇಳಿಯೇ ಶೀನಣ್ಣ ಎಂದು ಗೊತ್ತಾಯಿತು, ಬಲ ಭುಜ ನೋಯುವವನ ಹುಟ್ಟು ಹಾಗೆ ಎಳೆಯುತ್ತದೆ. ದೋಣಿಯ ಆಚೆ ತುದಿ ಖಾಲಿಯಿತ್ತು. ಅವನು ಕೈಗಾಳ ಇಳಿಬಿಟ್ಟು ಕೂತ. ಮೀನು ಕಚ್ಚಲಿಲ್ಲ, ಕಚ್ಚಲಿ ಎಂದು ಅವನು ಬಂದಂತೆಯೂ ಇರಲಿಲ್ಲ. ನನ್ನ ಕಡೆ ಅವನು ನೋಡಲಿಲ್ಲ. ನಾನಿರುವುದು ಅವನಿಗೆ ಹೇಗೆ ಗೊತ್ತಾಗಬೇಕು? ಬಹಳ ಹೊತ್ತಾದ ಮೇಲೆ, ಬಾಯಿಗೆ ಅಭ್ಯಾಸವಾದ ಮಾತಿನ ಹಾಗೆ, ಹೇಳಿದ.

"ಮೀನೇ, ನಿನ್ನೆ ಅವ್ಳ್ ಗೆದ್ಲ್ ಅಂದ್ ಹೇಳ್."

ಹೇಳಿ, ರೂಢಿಯಂತೆ, ದೋಣಿಯ ಆಚೆ ತುದಿಯಿಂದ ಉತ್ತರ ಬರಲೆಂದು ತಲೆಯೆತ್ತಿ ಕಾದ. ಖಾಲಿ ಹಲಗೆಯನ್ನು ನೋಡಿದ. ಆಮೇಲೆ ತನ್ನಷ್ಟಕ್ಕೆ ನಕ್ಕ.

"ಯಾರ್ ಹತ್ರ ಹೇಳುದ್ ಅಂದ್ ಕೇಂತ್ಯಾ? ಯಾರ್ ಹತ್ರವೂ ಅಲ್ಲ ಮಾರಾಯ, ನಿಂಗೇ ಹೇಳ್ದ್. ಹಿತ್ತಾಳಿ ದೋಣಿ ತಕಂಡ್ ಸೀದಾ ನಮ್ಮನಿಗೆ ಬಂದ್ಲ್. ನಿನ್ ಮೊಳಿ ಕೆಳ್ಗೆ ಇಟ್ಟ್ ಹೋಯ್ಲ್. ಅದನ್ ಹುಳಿ ಹಾಕಿ ತಿಕ್ಕುಕೆ ಇನ್ನ್ ನಾನೇ ಆಯ್ಕ್ ಕಾಣ್."

ನೀರು ನನ್ನ ಕಣ್ಣಿನವರೆಗೆ ಏರಿತ್ತು. ಉಳಿದ ಒಂದು ಕರಿಮಣಿಯಿಂದ ಅವನನ್ನೇ ನೋಡುತ್ತಿದ್ದೆ. ಆ ಮಾತು ದಾಟಿ ಹೋಗಬೇಕಾದವರು ಅಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಅದೊಂದು ನನಗೇ ಬಂದಿತ್ತು. ಹೂಂ ಅನ್ನಬೇಕೆಂದು ಬಹಳ ಅನ್ನಿಸಿತು. ಅವನು ದಾರ ಸುತ್ತಿಟ್ಟುಕೊಂಡು ಹುಟ್ಟು ಹಾಕಿದ, ದೋಣಿ ಹೋಯಿತು, ನಾನು ಆ ಮಾತನ್ನು ಇಟ್ಟುಕೊಂಡೆ.